ರೇಷ್ಮೆ ಕೊಳವೆಯ ಕೆಲಸ: ಮಳೆಗಾಲದಲ್ಲಿ ಎಲ್ಲಿಗೆ ಬಂತು

ತುಂಡಾದ ನರದ ಎರಡು ತುದಿಗಳ ನಡುವೆ ಸೇತುವೆಯಾಗಲೆಂದು ನಾವು ಮಾಡುತ್ತಿರುವ ರೇಷ್ಮೆ ಕೊಳವೆಯ ನಾರುಗಳು ಕೊನೆಗೂ ಒಂದೇ ದಿಕ್ಕಿಗೆ ಸಾಲಾಗಿ ಕೂತಿವೆ. ಬೆಂಗಳೂರಿನ ಮಳೆ ಹಿಡಿದುಕೊಂಡ ದಿನಗಳಲ್ಲೂ ಕೂತಿವೆ, ನನಗೆ ಹೆಚ್ಚು ಸಂತೋಷ ಅದಕ್ಕೇ.

ಈಗ ಓದಲು ಶುರುಮಾಡಿದವರಿಗಾಗಿ ಸ್ವಲ್ಪ ಹಿನ್ನೆಲೆ. ಕೈಕಾಲಿನ ನರ ತುಂಡಾದರೆ ಗಾಯದಿಂದ ಆಚೆಗಿನ ಆಕ್ಸಾನ್‌ಗಳು, ಅಂದರೆ ನರಕೋಶದ ಉದ್ದನೆಯ ಎಳೆಗಳು, ಸತ್ತು ಚೂರಾಗುತ್ತವೆ. ಆಗಸ್ಟಸ್ ವಾಲರ್ 1850ರಲ್ಲೇ ಕಪ್ಪೆಯ ನಾಲಿಗೆಯ ನರಗಳಲ್ಲಿ ಇದನ್ನು ಕಂಡಿದ್ದರು. ಬೆನ್ನುಹುರಿಯ ಕಡೆಗಿರುವ ಈಚೆಯ ತುದಿ ಮಾತ್ರ ಬದುಕಿದ್ದು ಮತ್ತೆ ಬೆಳೆಯುತ್ತದೆ, ದಿನಕ್ಕೆ ಸುಮಾರು 1 ಮಿಲಿಮೀಟರ್. ಬೈಕಿನಿಂದ ಬಿದ್ದು ಭುಜದ ನರಜಾಲ ಹರಿದವರ ಲೆಕ್ಕ ಹಾಕಿ ನೋಡಿ: ಅಲ್ಲಿಂದ ಅಂಗೈಗೆ ಎರಡಡಿಗೂ ಹೆಚ್ಚು ದೂರ, ಅಂದರೆ ಎರಡು ವರ್ಷದ ಹತ್ತಿರ. ನರದ ಸಂಪರ್ಕ ತಪ್ಪಿದ ಸ್ನಾಯುವೋ ಒಂದು, ಒಂದೂವರೆ ವರ್ಷದಲ್ಲಿ ಸೊರಗಿ ಚೇತರಿಸಿಕೊಳ್ಳದ ಸ್ಥಿತಿಗೆ ಬಂದಿರುತ್ತದೆ. ಇಷ್ಟು ಬಿಗಿಯಾದ ಗಡುವಿನಲ್ಲಿ ಆಕ್ಸಾನ್ ದಾರಿ ತಪ್ಪಿ ಅಲೆದರೆ ರೋಗಿಯ ಕೈ ಹೋದಂತೆಯೇ. ನಾನು ಬೆಳವಣಿಗೆಯ ವೇಗಕ್ಕಿಂತ ದಿಕ್ಕಿನ ಹಿಂದೆ ಬಿದ್ದಿರುವುದು ಇದೇ ಕಾರಣಕ್ಕೆ.

ತುಂಡಾದ ತುದಿಗಳನ್ನು ನೇರವಾಗಿ ಹೊಲಿಯಲಾಗದಷ್ಟು ಅಂತರವಿದ್ದರೆ ಇವತ್ತಿಗೂ ಕಾಲಿನ ಸೂರಲ್ ನರವನ್ನು ತೆಗೆದು ಕಸಿ ಮಾಡುವುದೇ ನಂಬಿಕೆಯ ದಾರಿ. ಆದರೆ ಪಾದದ ಹೊರ ಅಂಚು ಜೋಮು ಹಿಡಿದಂತೆಯೇ ಉಳಿಯುತ್ತದೆ. ಕೊಲಾಜನ್ ಎಂಬ ಪ್ರೋಟೀನಿನ ಕೊಳವೆಗಳೂ ಬಳಕೆಯಲ್ಲಿವೆ, ಸಣ್ಣ ಅಂತರಗಳಿಗೆ ಸಾಕು. 3 ಸೆಂಟಿಮೀಟರ್ ದಾಟಿದರೆ ಅವನ್ನು ನಂಬುವುದು ಕಷ್ಟ. ಪೊಳ್ಳು ಕೊಳವೆಯಲ್ಲಿ ಆಕ್ಸಾನ್ ಹಿಡಿದು ಸಾಗಲು ಏನಿದೆ? ದೇಹದೊಳಗೆ ಆಕ್ಸಾನ್‌ಗಳನ್ನು ಸುತ್ತುವರಿದಿರುವ ಷ್ವಾನ್ ಕೋಶಗಳು ಸಾಲುಗಟ್ಟಿ ಆ ಆಸರೆ ಕೊಡುತ್ತವೆ. ನಮ್ಮ ರೇಷ್ಮೆ ನಾರುಗಳು ಆ ಸಾಲಿಗೆ ಅಡಿಪಾಯವಾಗಬೇಕು.

ರೇಷ್ಮೆ ಗೂಡು ರಾಮನಗರದ್ದು. ಮಾರುಕಟ್ಟೆಯಲ್ಲಿ ಪರಿಚಯವಾದ, ಗೂಡಿನಿಂದ ನೂಲು ತೆಗೆಯುವ ರೀಲರ್ ಒಬ್ಬರಿಗೆ ನಮ್ಮ ಕೆಲಸ ವಿವರಿಸಿದಾಗ ಅವರು ಸಂಕಟಪಟ್ಟರು: "ಗೂಡು ಕತ್ತರಿಸ್ತೀರಾ ಮೇಡಂ? ನೂಲೇ ಹೋಯ್ತಲ್ಲ!" ಒಳ್ಳೆಯ ದ್ವಿತಳಿ ಗೂಡೊಂದರಲ್ಲಿ ಸಾವಿರ ಮೀಟರ್ ಆಸುಪಾಸಿನ ಒಂದೇ ಎಳೆ ಇರುವಾಗ ಅವರ ಸಂಕಟ ಸಹಜವೇ. ನಮಗೆ ಬೇಕಾದದ್ದು ಎಳೆಯಲ್ಲ, ಅದರ ಪ್ರೋಟೀನು. ಕತ್ತರಿಸಿದ ಗೂಡನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ಸೆರಿಸಿನ್ ಎಂಬ ಅಂಟು ಬಿಟ್ಟು ತೂಕ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ. ಉಳಿದ ಫೈಬ್ರೋಯಿನ್ ಎಂಬ ಪ್ರೋಟೀನನ್ನು 9.3 ಮೋಲಾರ್ ಲಿಥಿಯಂ ಬ್ರೋಮೈಡಿನಲ್ಲಿ 60 ಡಿಗ್ರಿ ಬಿಸಿಗೆ ಕರಗಿಸಿ, ಡಯಾಲಿಸಿಸ್ ಮಾಡಿ, ಅಂದರೆ ತೆಳುಪೊರೆಯ ಚೀಲದಲ್ಲಿ ನೀರಿಗಿಟ್ಟು, ಲವಣ ತೆಗೆಯುತ್ತೇವೆ. ಸಿಕ್ಕ ದ್ರಾವಣವನ್ನು ಫ್ರಿಜ್ಜಿನಲ್ಲಿಟ್ಟರೂ ಹೆಚ್ಚು ಕಾಲ ಕಾಯದು, ತಾನಾಗಿಯೇ ಜೆಲ್ ಆಗಿಬಿಡುತ್ತದೆ.

ಇನ್ನು ಮಳೆಯ ವಿಷಯ. ದ್ರಾವಣಕ್ಕೆ ಸ್ವಲ್ಪ ಪಾಲಿಎಥಿಲೀನ್ ಆಕ್ಸೈಡ್ ಎಂಬ ಪಾಲಿಮರ್ ಬೆರೆಸಿ ಎಲೆಕ್ಟ್ರೋಸ್ಪಿನ್ನಿಂಗ್ ಮಾಡುವಾಗ ಸೂಜಿಗೆ ಸಾವಿರಾರು ವೋಲ್ಟ್ ಕೊಡುತ್ತೇವೆ. ಸೂಜಿಯಿಂದ ಹೊರಟ ಸಣ್ಣ ಧಾರೆ ಗಾಳಿಯಲ್ಲೇ ಒಣಗಿ, ವೇಗವಾಗಿ ತಿರುಗುವ ಡ್ರಮ್ಮಿನ ಮೇಲೆ ನಾರಾಗಿ ಸುತ್ತಿಕೊಳ್ಳಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನೀರು ಆವಿಯಾಗುವುದು ತಡ. ಹಸಿಯಾಗಿಯೇ ಬಂದು ಬಿದ್ದ ನಾರುಗಳು ಒಂದಕ್ಕೊಂದು ಅಂಟಿ ಚಪ್ಪಟೆಯಾಗುತ್ತವೆ, ಕೋಶಗಳಿಗೆ ದಾರಿ ತೋರಬೇಕಾದ ಅವುಗಳ ನಡುವಿನ ಗೀರುಗಳೇ ಮುಚ್ಚಿಹೋಗುತ್ತವೆ. ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತಿದ್ದ ನಾರಿನ ಹಾಳೆ ಜೂನಿನಲ್ಲಿ ಹೀಗೆ ಕೈಕೊಟ್ಟಿತು. ಈಗ ಇಡೀ ಸಾಧನವನ್ನು ಅಕ್ರಿಲಿಕ್ ಪೆಟ್ಟಿಗೆಯೊಳಗಿಟ್ಟು ಒಣ ಗಾಳಿ ಹಾಯಿಸುತ್ತಿದ್ದೇವೆ, ತೇವಾಂಶ ಶೇ. 40ರ ಕೆಳಗೆ ಬಂದ ಮೇಲೆಯೇ ಸೂಜಿಗೆ ದ್ರಾವಣ ತಳ್ಳುವ ಪಂಪ್ ಶುರು. ವೋಲ್ಟೇಜು, ದೂರ, ವೇಗಗಳನ್ನೆಲ್ಲ ಅಚ್ಚುಕಟ್ಟಾಗಿ ಬರೆದಿಡುವ ನಾವು ಆ ದಿನದ ತೇವಾಂಶವನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಅದರಲ್ಲೂ ಈ ಊರಿನಲ್ಲಿ.

ಹಾಳೆಯನ್ನು ಮೆಥನಾಲಿನಲ್ಲಿ ನೆನೆಸಿದಾಗ ಫೈಬ್ರೋಯಿನ್‌ನ ಅಣುಗಳು ಮಡಚಿ ಒತ್ತಾಗಿ ಜೋಡಿಕೊಳ್ಳುವ 'ಬೀಟಾ ಹಾಳೆ' ಎಂಬ ರಚನೆ ಮೂಡಿ ನಾರು ನೀರಿಗೆ ಕರಗದಂತಾಗುತ್ತದೆ. ಅದರ ಮೇಲೆ ಬೆಳೆಸಿದ ಇಲಿಯ ಷ್ವಾನ್ ಕೋಶಗಳು ಉದ್ದುದ್ದ ಚಾಚಿಕೊಂಡು ನಾರಿನ ಜಾಡನ್ನೇ ಹಿಡಿದಿವೆ. ಅಡ್ಡಾದಿಡ್ಡಿ ನಾರಿನ ಮೇಲಿನವು ಎತ್ತಲೆತ್ತಲೋ ಹರಡಿವೆ. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ.

ಬಗೆಹರಿಯದೆ ಉಳಿದದ್ದು ಕೊಳವೆಯ ಗೋಡೆ. ಒದ್ದೆಯಾದಾಗ ಬಗ್ಗಿಸಿದರೆ ಮಡಿಕೆ ಬಿದ್ದು ಒಳದಾರಿ ಮುಚ್ಚುತ್ತದೆ. ಮೊಣಕೈ ಹತ್ತಿರ ಇಂಥದ್ದನ್ನು ಕೂರಿಸುವಂತಿಲ್ಲ. ಹೊರಗಡೆ ದಪ್ಪ ರೇಷ್ಮೆ ದಾರವನ್ನು ಸುರುಳಿಯಾಗಿ ಸುತ್ತಿ ನೋಡುತ್ತಿದ್ದೇನೆ.

ಮುಂದಿನ ಹಂತ ಕೋಳಿ ಭ್ರೂಣದ ಬೆನ್ನುಬೇರಿನ ನರಗಂಟುಗಳು, ಅಂದರೆ ಬೆನ್ನುಹುರಿಯ ಪಕ್ಕದಲ್ಲಿರುವ ನರಕೋಶಗಳ ಗುಂಪುಗಳು. ರೀಟಾ ಲೆವಿ-ಮೊಂಟಾಲ್ಚಿನಿ ನರ ಬೆಳವಣಿಗೆಯ ಅಂಶವನ್ನು (ನರಗಳನ್ನು ಬೆಳೆಸುವ ಪ್ರೋಟೀನನ್ನು) ಪತ್ತೆಮಾಡಿದ್ದು ಕೋಳಿ ಭ್ರೂಣದ ನರಗಂಟುಗಳ ಮೇಲಿನ ಪ್ರಯೋಗಗಳಿಂದಲೇ, 1986ರ ನೊಬೆಲ್ ಬಂದದ್ದೂ ಅದಕ್ಕೇ. ಸಾಲು ನಾರು, ಅಡ್ಡಾದಿಡ್ಡಿ ನಾರು, ಲ್ಯಾಮಿನಿನ್ ಎಂಬ ಪ್ರೋಟೀನು ಹಚ್ಚಿದ ಗಾಜು, ಮೂರರ ಮೇಲೂ ನರಗಂಟು ಇಟ್ಟು ಅದರಿಂದ ಹೊರಟ ನರದ ಎಳೆಗಳ ಉದ್ದವನ್ನೂ ಅವು ಹೊರಳಿದ ಕೋನವನ್ನೂ ಅಳೆಯುತ್ತೇನೆ. ಇಲಿಯ ಹಿಂಗಾಲಿನ ಸಯಾಟಿಕ್ ನರದ 10 ಮಿಲಿಮೀಟರ್ ಅಂತರದ ಪ್ರಯೋಗಕ್ಕೆ ಪ್ರಾಣಿ ನೈತಿಕತಾ ಸಮಿತಿಗೆ ಅರ್ಜಿ ಸಿದ್ಧವಾಗುತ್ತಿದೆ, ಗೋಡೆಯ ಮಡಿಕೆ ನಿಲ್ಲುವವರೆಗೆ ಅದನ್ನು ಸಲ್ಲಿಸುವುದಿಲ್ಲ.