ಪಾರ್ಕಿನ ಟಿಕೆಟ್ ಇಲ್ಲದ ಒಂದು ದಿನ

ಬಳ್ಳಾರಿಯಿಂದ ಅಮೆರಿಕದ ಮಕ್ಕಳ ಮನೆಗೆ ಹೊರಡುವ ಹಿರಿಯರು ಫ್ಲೋರಿಡಾದ ಮನರಂಜನಾ ಪಾರ್ಕುಗಳ ತಾಣವಾದ ಡಿಸ್ನಿ ವರ್ಲ್ಡ್‌ಗೆ ಹೋಗುವುದಾದರೆ, ಒಂದು ದಿನವನ್ನು ಅಲ್ಲಿನ ಹೋಟೆಲುಗಳಿಗಾಗಿಯೇ ಮೀಸಲಿಡಬೇಕೆಂದು ನಾನು ಒತ್ತಾಯಿಸುತ್ತೇನೆ. ಅವುಗಳ ಅಂಗಳ, ಅಂಗಡಿ, ಊಟದ ಮನೆಗಳಿಗೆ ಪಾರ್ಕಿನ ಟಿಕೆಟ್ ಬೇಕಿಲ್ಲ. ಕಂಟೆಂಪರರಿ, ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೋರಿಡಿಯನ್ ಹೋಟೆಲುಗಳನ್ನು ಜೋಡಿಸುವ, ಒಂಟಿ ಹಳಿಯ ಮೇಲೆ ಓಡುವ ಮಾನೊರೈಲು ಕೂಡ ಉಚಿತ. 1971ರಲ್ಲಿ ತೆರೆದ ಕಂಟೆಂಪರರಿಯಲ್ಲಂತೂ ರೈಲು ಕಟ್ಟಡದ ಒಳಗೇ ಹಾದುಹೋಗುತ್ತದೆ.

ನನಗೆ ಅತ್ಯಂತ ಪ್ರಿಯವಾದದ್ದು ಅಲ್ಲಿನ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ಹೋಟೆಲಿನ ಸನಾ. ಆಫ್ರಿಕದ ಅಡುಗೆಗೆ ಭಾರತದ ರುಚಿ ಬೆರೆಸುವ ಈ ರೆಸ್ಟೋರೆಂಟಿನಲ್ಲಿ ನಾನ್ ಮತ್ತಿತರ ರೊಟ್ಟಿಗಳ ಜೊತೆ ಪುಟ್ಟ ಬಟ್ಟಲುಗಳ ಸಾಲಿನಲ್ಲಿ ಹುಣಸೆ ಚಟ್ನಿ, ರಾಯಿತ, ಬೆಳ್ಳುಳ್ಳಿ ಉಪ್ಪಿನಕಾಯಿ ಬರುತ್ತವೆ. ಜೋಳದ ರೊಟ್ಟಿಗೆ ಶೇಂಗಾ ಚಟ್ನಿ, ಗುರೆಳ್ಳು ಪುಡಿ ಹಚ್ಚಿಕೊಂಡು ಬೆಳೆದ ನಮಗೆ ಆ ತಟ್ಟೆ ಪರಕೀಯವೆನಿಸದು. ಕಿಟಕಿಯಾಚೆ ಜಿರಾಫೆಗಳು ಕತ್ತು ಚಾಚಿ ಮೇಯುತ್ತಿರುವಾಗ ಮೊಮ್ಮಕ್ಕಳೊಡನೆ ನಿಧಾನವಾಗಿ ಉಣ್ಣುವ ಸುಖ, ಬಿಸಿಲಿನಲ್ಲಿ ಸವಾರಿಯ ಸರದಿಗೆ ಕಾಯುವವರಿಗೆ ಖಂಡಿತ ದಕ್ಕುವುದಿಲ್ಲ. ಮೇಜನ್ನು 60 ದಿನ ಮುಂಚಿತವಾಗಿಯೇ ಕಾಯ್ದಿರಿಸಬಹುದು. ಕಾರಿನಲ್ಲಿ ಹೋಗುವವರು ಹೋಟೆಲಿನ ಗೇಟಿನಲ್ಲಿ ಆ ಕಾಯ್ದಿರಿಸಿದ ವಿವರವನ್ನು ತೋರಿಸಲು ಸಿದ್ಧವಾಗಿಟ್ಟುಕೊಳ್ಳಬೇಕು.