ಹಳೇ ಕಾರಿಗೆ ಹೊಸ ಸ್ಪೀಕರ್: ಡಬ್ಬಿ ನೋಡುವ ಮುಂಚೆ ಡೋರ್ ಬಿಚ್ಚಿ

ಕಾರುಗಳಿಗೆ ಆಡಿಯೊ ಕೂರಿಸುವುದು ನನ್ನ ಕೆಲಸ. ಹಳೇ ಕಾರಿನವರು ಬಂದ ಕೂಡಲೇ ಕೇಳುವುದು ಹೆಚ್ಚುಕಮ್ಮಿ ಒಂದೇ: "ಎಷ್ಟು ವ್ಯಾಟಿನದು ಹಾಕಿಸಲಿ?" ಸ್ಪೀಕರ್ ಆರಿಸುವಾಗ ನಾನು ಕೊನೆಗೆ ನೋಡುವ ಸಂಖ್ಯೆ ಅದು.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 300 ವ್ಯಾಟ್ ಎಂದಿದ್ದರೆ, ಅಷ್ಟು ಜೋರಾಗಿ ಹಾಡುತ್ತದೆ ಎಂದಲ್ಲ. ಅರೆಗಳಿಗೆ ಅಷ್ಟನ್ನು ಸುಡದೆ ತಾಳಿಕೊಳ್ಳುತ್ತದೆ ಎಂದು. ಕೊಡಬೇಕಾದದ್ದು ಸ್ಟೀರಿಯೊ. ಅದರ ಮೇಲೂ "ಚಾನೆಲ್‌ಗೆ 50 ವ್ಯಾಟ್" ಎಂದು, ಅಂದರೆ ಒಂದೊಂದು ಸ್ಪೀಕರಿಗೆ ಅಷ್ಟು ಎಂದು, ಬರೆದಿರುತ್ತಾರೆ. ಆದರೆ ಎಂಜಿನ್ ಓಡುವಾಗ ಅದಕ್ಕೆ ಸಿಗುವುದು 14.4 ವೋಲ್ಟ್. ಅಷ್ಟರಲ್ಲಿ 4 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಸ್ಪೀಕರಿಗೆ ಶಬ್ದ ಒಡೆಯದಂತೆ ಕೊಡಬಹುದಾದದ್ದು ಕಾಗದದ ಲೆಕ್ಕದಲ್ಲೇ 26 ವ್ಯಾಟ್, ನಿಜದಲ್ಲಿ 15ರಿಂದ 20.

ಬೇರೆ ಆಂಪ್ಲಿಫೈಯರ್ ಇಲ್ಲದಿದ್ದರೆ ನೋಡಬೇಕಾದದ್ದು ಸೆನ್ಸಿಟಿವಿಟಿ. 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಕೇಳುತ್ತದೆ ಎಂಬ ಲೆಕ್ಕ ಇದು. 3 ಡೆಸಿಬೆಲ್ ಕಮ್ಮಿಯಾದರೆ ಅದೇ ಶಬ್ದಕ್ಕೆ ಎರಡರಷ್ಟು ವ್ಯಾಟ್ ಬೇಕು. ಹಾಗಾಗಿ 92 ಡೆಸಿಬೆಲ್‌ನ ಸಾದಾ ಸ್ಪೀಕರ್ 20 ವ್ಯಾಟಿನಲ್ಲಿ ಮಾಡುವ ಕೆಲಸಕ್ಕೆ, 86ರ ದುಬಾರಿ ಸ್ಪೀಕರ್ 80 ವ್ಯಾಟ್ ಕೇಳುತ್ತದೆ. ಇಲ್ಲೂ ಒಂದು ಜಾಣತನ ನಡೆಯುತ್ತದೆ. ಕೆಲವರು 1 ವ್ಯಾಟಿನ ಬದಲು 2.83 ವೋಲ್ಟಿಗೆ ಅಳೆದು ಬರೆಯುತ್ತಾರೆ. 8 ಓಮ್ ಸ್ಪೀಕರಿಗೆ ಅದು 1 ವ್ಯಾಟೇ. 4 ಓಮಿನದಕ್ಕೆ 2 ವ್ಯಾಟ್. ಹೋಲಿಸುವಾಗ ಅಂಥದರಲ್ಲಿ 3 ಡೆಸಿಬೆಲ್ ಕಳೆದುಬಿಡಿ.

ಆಮೇಲೆ ಓಮ್. ಕಂಪನಿಯಿಂದಲೇ ಬೇರೆ ಆಂಪ್ಲಿಫೈಯರ್ ಇರುವ ಕೆಲವು ಕಾರುಗಳಲ್ಲಿ 2 ಓಮ್ ಸ್ಪೀಕರ್ ಇರುತ್ತದೆ. ಆ ಜಾಗಕ್ಕೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 4 ಓಮಿನದು ಹಾಕಿದರೆ ಅದಕ್ಕೆ ಹೋಗುವ ಶಕ್ತಿ ಅರ್ಧಕ್ಕಿಳಿಯುತ್ತದೆ. "ಹೊಸದಕ್ಕಿಂತ ಹಳೇದೇ ಜೋರಿತ್ತು" ಎಂದು ಗಿರಾಕಿ ಮುಖ ಸಿಂಡರಿಸುವುದು ಇಂಥಲ್ಲೇ. ತಿರುವುಮುರುವಾಗಿ 4 ಓಮಿಗೆಂದೇ ಮಾಡಿದ ಸ್ಟೀರಿಯೊಗೆ 2 ಓಮ್ ಜೋಡಿಸಿದರೆ ಅದು ಕಾಯ್ದು ಕೈಕೊಡುತ್ತದೆ. ಊಹೆ ಬೇಕಿಲ್ಲ, ಹಳೇ ಸ್ಪೀಕರಿಗೆ ಓಮ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. 3.2ರಿಂದ 3.8ರ ಒಳಗೆ ತೋರಿಸಿದರೆ ಅದು 4 ಓಮಿನದು.

ಅಳತೆಗೆ ಡೋರ್ ಪ್ಯಾನಲ್ ಬಿಚ್ಚಲೇಬೇಕು. (ಹಳೇ ಪ್ಲಾಸ್ಟಿಕ್ ಕ್ಲಿಪ್ಪುಗಳು ಪಟಪಟ ಮುರಿಯುತ್ತವೆ, ಹೊಸವನ್ನು ಮೊದಲೇ ತಂದಿಟ್ಟುಕೊಳ್ಳಿ.) ಆರೂವರೆ ಇಂಚು ಎನ್ನುವುದು ಹೆಸರಿಗೆ ಮಾತ್ರ, ತೂತಿನ ಅಗಲ, ಸ್ಕ್ರೂ ಜಾಗ ಕಾರಿನಿಂದ ಕಾರಿಗೆ ಬೇರೆ. ಅದಕ್ಕಾದರೆ ಅಡಾಪ್ಟರ್ ರಿಂಗ್ ಇದೆ, ಆಳಕ್ಕೆ ಅಂಥ ದಾರಿ ಕಮ್ಮಿ. ಕಿಟಕಿ ಗಾಜನ್ನು ಪೂರ್ತಿ ಇಳಿಸಿಯೇ ಆಳ ಅಳೆಯಿರಿ. ಇಲ್ಲದಿದ್ದರೆ ಗಾಜು ಇಳಿದು ಮ್ಯಾಗ್ನೆಟ್ಟಿಗೆ ಬಡಿಯುತ್ತದೆ.

ಬಿಚ್ಚಿದಾಗ ಇನ್ನೊಂದು ಲಾಭವಿದೆ. ಎಷ್ಟೋ ಸಲ ಸ್ಪೀಕರ್ ಕೆಟ್ಟೇ ಇರುವುದಿಲ್ಲ, ಡೋರ್ ಹಿಂಜಿನ ಬಳಿಯ ರಬ್ಬರ್ ಕೊಳವೆಯೊಳಗೆ ವೈರ್ ತುಂಡಾಗಿರುತ್ತದೆ. ವೈರ್ ಬಿಡಿಸಿ, 1.5 ವೋಲ್ಟಿನ ಸೆಲ್ಲನ್ನು ಸ್ಪೀಕರ್ ತುದಿಗಳಿಗೆ ಒಂದು ಕ್ಷಣ ಮುಟ್ಟಿಸಿ. ಟಪ್ ಎಂದು ಕೋನ್ (ಅದುರಿ ಶಬ್ದ ಹೊರಡಿಸುವ ಮುಂದಿನ ತಟ್ಟೆ) ಅಲುಗಾಡಿದರೆ ಸುರುಳಿ ಸುಟ್ಟಿಲ್ಲ. ಕೋನ್ ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಸ್ಪೀಕರಿನ ಪ್ಲಸ್. ಎಡ ಬಲದಲ್ಲಿ ಒಂದು ಉಲ್ಟಾ ಆದರೂ ಬೇಸ್ ಮಾಯ. ಕೋನ್ ಸುತ್ತಲಿನ ಫೋಮ್ ಬೆರಳಿಗೆ ಪುಡಿಯಾಗಿ ಬಂದರೆ ಮಾತ್ರ ಯೋಚಿಸುವುದೇನೂ ಇಲ್ಲ, ಬದಲಾಯಿಸಿ. ಹೊಸದರಲ್ಲಿ ಫೋಮ್ ಬೇಡ, ರಬ್ಬರ್ ಅಂಚು ಇರಲಿ. ಡೋರಿನೊಳಗಿನ ತೇವಕ್ಕೆ ಅದೇ ಬಾಳಿಕೆ.

ತೀರಾ ಹಳೇ ಕಾರುಗಳಿಗೆ ಒಂದು ಎಚ್ಚರಿಕೆ. ಕೆಲವದರಲ್ಲಿ ಸ್ಪೀಕರುಗಳ ಮೈನಸ್ ವೈರ್ ಒಂದಕ್ಕೊಂದು ಸೇರಿರುತ್ತದೆ, ಇಲ್ಲವೇ ಕಾರಿನ ಲೋಹದ ಬಾಡಿಗೇ ಜೋಡಿಸಿರುತ್ತದೆ. ಈಗಿನ ಸ್ಟೀರಿಯೊವನ್ನು ಅದಕ್ಕೆ ಕೊಟ್ಟರೆ ಅದರೊಳಗಿನ ಆಂಪ್ಲಿಫೈಯರ್ ಹೋಗಬಹುದು. ಪ್ರತಿ ಸ್ಪೀಕರಿಗೂ ಹೊಸದಾಗಿ ಎರಡೆರಡು ವೈರ್ ಎಳೆಯಿರಿ.

ಸ್ಪೀಕರ್ ಕೂರಿಸಿದ ಮೇಲೆ ಅದರ ಅಂಚಿನ ಸಂದು ಮುಚ್ಚದೆ ಬಿಡುವ ಫಿಟ್ಟರುಗಳ ಮೇಲೆ ನನಗೆ ಸಿಟ್ಟಿದೆ. ಕೋನಿನ ಹಿಂದಿನ ಶಬ್ದ ಆ ಸಂದಿನಿಂದ ಮುಂದೆ ಬಂದು ಮುಂದಿನ ಶಬ್ದವನ್ನು ಕೊಲ್ಲುತ್ತದೆ, ಕೆಳಸ್ವರಗಳಲ್ಲಂತೂ ಪೂರ್ತಿ. ಸುತ್ತ ಫೋಮ್ ಟೇಪ್ ಹಾಕಿ. ಒಳತಗಡಿನ ದೊಡ್ಡ ತೂತು ಮುಚ್ಚಿ, ನೀರು ಸೋರಿಹೋಗಲು ಡೋರಿನ ತಳದಲ್ಲಿರುವ ತೂತುಗಳನ್ನು ಮಾತ್ರ ಮುಟ್ಟಬೇಡಿ.

ನಾಲ್ಕೂ ಒಟ್ಟಿಗೆ ಬದಲಾಯಿಸಬೇಕೇ ಎಂದು ಕೇಳುತ್ತಾರೆ. ದುಡ್ಡು ಬಿಗಿಯಿದ್ದರೆ ಹಿಂದಿನ ಎರಡನ್ನು ಹಾಗೇ ಬಿಟ್ಟು, ಎಲ್ಲವನ್ನೂ ಮುಂದಿನ ಜೋಡಿಗೆ ಹಾಕಿ ಎನ್ನುತ್ತೇನೆ. ಡ್ರೈವರ್ ಕೇಳುವುದು ಅದನ್ನೇ. ಹಿಂದಿನ ಸೀಟಿನವರಿಂದ ಈವರೆಗೆ ತಕರಾರು ಬಂದಿಲ್ಲ.