ವರಹದ ಮೇಲೆ ಜೋಡಿ ಮೀನು

ಇಂದ್ರಾಳಿ ಸ್ಟೇಷನ್ನಿನಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಒಂದು ಭೂತಗನ್ನಡಿ, ಚಿನ್ನ ತೂಗುವ ಪುಟ್ಟ ತಕ್ಕಡಿ. ಜೊತೆಗೆ ಹತ್ತಿಯಲ್ಲಿ ಸುತ್ತಿದ ಒಂದು ಚಿನ್ನದ ನಾಣ್ಯ. ಅದರ ಭಯಕ್ಕೆ ರಾತ್ರಿಯಿಡೀ ಬ್ಯಾಗನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದೆ. ಮಲಗಿದ್ದೆ ಅನ್ನುವುದು ಸುಮ್ನೆ ಮಾತಿಗೆ.

ಉಡುಪಿಗೆ ಬರುವವರು ಕೃಷ್ಣಮಠಕ್ಕೆ ಬರುತ್ತಾರೆ, ಇಲ್ಲವೇ ಮಲ್ಪೆ ಬೀಚಿಗೆ. ನಾನು ಬಂದದ್ದು ಎರಡು ಮೀನು ನೋಡುವುದಕ್ಕೆ.

ನನಗೆ ಹಳೇ ನಾಣ್ಯದ ಹುಚ್ಚು. ಅದರಲ್ಲೂ ಕಡಲಿನ ಪ್ರಾಣಿ ಇರುವ ನಾಣ್ಯಗಳೇ ಬೇಕು. ಶುರುವಾಗಿದ್ದು ಅಜ್ಜಿಯ ಎಲೆಅಡಿಕೆ ಡಬ್ಬಿಯಿಂದ. ಅದರೊಳಗೆ 1986ರ ಮೀನುಗಾರಿಕೆ ಸ್ಮಾರಕದ ಐವತ್ತು ಪೈಸೆಯೊಂದಿತ್ತು. ಪಕ್ಕದಲ್ಲೇ ಚೌಕಾಬಾರ ಆಡುವ ನಾಲ್ಕು ಕವಡೆ. ಕವಡೆ ಒಂದು ಕಡಲ ಬಸವನಹುಳುವಿನ ಚಿಪ್ಪು, ಮಾಲ್ಡೀವ್ಸ್‌ನಿಂದ ಹಡಗು ಹಡಗು ಬರುತ್ತಿತ್ತು, ಬಂಗಾಳ ಒಡಿಶಾ ಕಡೆ 19ನೇ ಶತಮಾನದವರೆಗೂ ಸಂತೆಯಲ್ಲಿ ದುಡ್ಡಾಗಿ ನಡೆಯುತ್ತಿತ್ತು ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಉಳಿದ ನಾಣ್ಯಗಳ ಮೇಲೆ ಪ್ರಾಣಿಯ ಚಿತ್ರ ಇರುತ್ತದೆ, ಇಲ್ಲಿ ಪ್ರಾಣಿಯ ಮನೆಯೇ ನಾಣ್ಯ. ಅಜ್ಜಿ ಮಾತ್ರ ನನ್ನನ್ನು "ಕವಡೆ ಕಾಸಿಗೂ ಬಾರದವನು" ಅಂತ ಬೈಯುತ್ತಲೇ ಅದೇ ಕವಡೆ ಎಸೆದು ಗೆಲ್ಲುತ್ತಿದ್ದಳು.

ಗ್ರೀಕರ ನಾಣ್ಯಗಳ ಚಿತ್ರ ನೋಡುತ್ತಾ ಹೋದರೆ ಮೀನು ಮಾರ್ಕೆಟ್ ಸುತ್ತಿದ ಹಾಗಿರುತ್ತದೆ. ಸಿಸಿಲಿಯ ಅಕ್ರಗಾಸ್‌ನವರದ್ದು ಏಡಿ. ಎರೆಟ್ರಿಯಾದ್ದು ಆಕ್ಟೋಪಸ್. ಕಿಜಿಕೋಸ್ ಊರಿನ ಮುಂದೆಯೇ ಟ್ಯೂನಾ ಹಿಂಡು ಹಾದುಹೋಗುತ್ತಿತ್ತು, ಹಾಗಾಗಿ ಅವರ ನಾಣ್ಯದಲ್ಲೆಲ್ಲ ಟ್ಯೂನಾ. ಕಪ್ಪು ಸಮುದ್ರದ ದಡದ ಓಲ್ಬಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ, ಕಂಚನ್ನು ಡಾಲ್ಫಿನ್ ಆಕಾರಕ್ಕೇ ಎರಕ ಹೊಯ್ದು ಚಲಾವಣೆಗೆ ಬಿಟ್ಟರು. ನನಗೆ ಎಲ್ಲಕ್ಕಿಂತ ಇಷ್ಟ ಈಜಿನಾ ದ್ವೀಪದ ಆಮೆ. ಮೊದಲು ಕಡಲಾಮೆ ಇತ್ತು. ಕ್ರಿ.ಪೂ. 5ನೇ ಶತಮಾನದಲ್ಲಿ ಅಥೆನ್ಸ್ ಮುಂದೆ ಸೋತು ಕಡಲಿನ ಮೇಲಿನ ಹಿಡಿತ ಹೋಯಿತು. ಆಮೇಲಿನ ನಾಣ್ಯದಲ್ಲಿ ಇರುವುದು ನೆಲದಾಮೆ! ಸೋತದ್ದಕ್ಕೇ ಆಮೆ ಬದಲಾಯಿತು ಅಂತ ಹೇಳುವವರಿದ್ದಾರೆ. ಇವೆಲ್ಲ ನನ್ನ ಹತ್ತಿರ ಇವೆ ಅಂದುಕೊಳ್ಳಬೇಡಿ. ಇರುವುದು ಟರಾಸ್ ಊರಿನ ಸವೆದ ಬೆಳ್ಳಿ ಒಂದು, ಡಾಲ್ಫಿನ್ ಸವಾರಿ ಮಾಡುವ ಹುಡುಗನದ್ದು. ಮಧುರೆ ಪಾಂಡ್ಯರ ಮೀನಿನ ತಾಮ್ರದ ಕಾಸು ಮೂರು.

ನಮ್ಮ ಕರಾವಳಿಯಲ್ಲೂ ಒಂದು ರಾಜಮನೆತನ ಮೀನನ್ನೇ ಲಾಂಛನ ಮಾಡಿಕೊಂಡಿತ್ತು. ಆಳುಪರು. ಮಂಗಳೂರು, ಉದ್ಯಾವರ, ಬಾರಕೂರು, ಈ ಮೂರೂ ಅವರ ರಾಜಧಾನಿಗಳು. ಕಾರ್ಕಳದ ಹತ್ತಿರ ಬೆಳ್ಮಣ್ಣಿನಲ್ಲಿ ಸಿಕ್ಕ 8ನೇ ಶತಮಾನದ ಆಳುವರಸನ ತಾಮ್ರಪಟದಲ್ಲೇ ಜೋಡಿ ಮೀನು ಇದೆ. ಪೂರ್ತಿ ಕನ್ನಡದಲ್ಲಿರುವ ಮೊದಲ ತಾಮ್ರ ಶಾಸನ ಅದು. ಆಮೇಲಿನ ಅವರ ಚಿನ್ನದ ವರಹದಲ್ಲೂ ಅದೇ ಜೋಡಿ ಮೀನು.

ಅಂಥ ವರಹವೇ ಅಂತ ಹೇಳಿ ಬೆಂಗಳೂರಿನಲ್ಲಿ ಒಬ್ಬರು ನನಗೆ ಒಂದನ್ನು ಮಾರಿದ್ದರು. ಎರಡು ತಿಂಗಳ ಮನೆ ಬಾಡಿಗೆಯಷ್ಟು ದುಡ್ಡು ಕೊಟ್ಟಿದ್ದೆ. ಹೆಂಡತಿಗೆ ಅರ್ಧ ಮಾತ್ರ ಹೇಳಿದ್ದೆ. ಹತ್ತಿಯಲ್ಲಿ ಸುತ್ತಿಕೊಂಡು ತಂದದ್ದು ಅದನ್ನೇ.

ಬನ್ಸ್ ತಿಂದು, ಕಾಫಿ ಕುಡಿದು ಮೊದಲು ಹೋಗಿದ್ದು ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯಕ್ಕೆ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದವರು ಅವರು. ಮೂಲ ಬಂಡವಾಳ 5,000 ರೂಪಾಯಿ, ಮೊದಲ ದಿನ ಬಾಗಿಲು ಹಾಕುವಾಗ ಕೈಯಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ಆ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ನಾಣ್ಯ ಚೆನ್ನಾಗಿಯೇ ಜೋಡಿಸಿಟ್ಟಿದ್ದಾರೆ. ಆದರೆ ನನಗೆ ಗಾಜಿನ ಈಚೆ ನಿಂತು ನಾಣ್ಯ ನೋಡುವುದು ಅಂದರೆ ಮದುವೆ ಮನೆಯ ಹೊರಗೆ ನಿಂತು ಊಟದ ಪರಿಮಳ ಕುಡಿದ ಹಾಗೆ. ಕೈಯಲ್ಲಿ ಹಿಡಿಯಬೇಕು, ಅಂಚು ನೋಡಬೇಕು.

ಆ ಭಾಗ್ಯ ಸಿಕ್ಕಿದ್ದು ಬಾರಕೂರಿನಲ್ಲಿ. ಬ್ರಹ್ಮಾವರದ ಮೇಲೆ ಹೋಗುವ ಬಸ್ಸು ಹತ್ತಿದೆ. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು "ಬಾರ್ಕೂರು, ಬಾರ್ಕೂರು" ಅಂತ ಕೂಗುತ್ತಿದ್ದ, ಮನುಷ್ಯ ಟಿಕೆಟ್ ಕೊಟ್ಟದ್ದು ಯಾವಾಗ ಅಂತಲೇ ಗೊತ್ತಾಗಲಿಲ್ಲ. ಊರು ಈಗ ತೆಂಗಿನ ತೋಟ, ಗದ್ದೆ, ಮಧ್ಯೆ ಮಧ್ಯೆ ಕಲ್ಲಿನ ಗುಡಿಗಳು. ಚೌಳಿಕೇರಿ, ಕೋಟೆಕೇರಿ, ಮಣಿಗಾರಕೇರಿ ಅಂತ ಕೇರಿಗಳ ಹೆಸರಿನಲ್ಲಿ ಮಾತ್ರ ಹಳೇ ಪಟ್ಟಣ ಉಳಿದಿದೆ. ದಿನಕ್ಕೊಂದರಂತೆ 365 ದೇವಸ್ಥಾನ ಇದ್ದವು ಅನ್ನುತ್ತಾರೆ. ವಿಜಯನಗರದ ಕಾಲಕ್ಕೆ ಇಲ್ಲಿಯದ್ದೇ ಗದ್ಯಾಣ, ಅಂದರೆ ಚಿನ್ನದ ನಾಣ್ಯ, ಇತ್ತು, ಶಾಸನಗಳಲ್ಲಿ ದಾನ ಕೊಟ್ಟವರು 'ಬಾರಕೂರು ಗದ್ಯಾಣ' ಅಂತ ಹೆಸರು ಹಿಡಿದೇ ಬರೆಸುತ್ತಿದ್ದರು. ಕತ್ತಲೆ ಬಸದಿಯ ಕಲ್ಲಿನ ಮೇಲೆ ಹತ್ತು ನಿಮಿಷ ಕುಳಿತೆ. ಒಳಗೆ ತಣ್ಣಗಿತ್ತು. ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇದ್ದದ್ದು ಯಾವ ಕೇರಿಯಲ್ಲಿರಬಹುದು ಅಂತ ಲೆಕ್ಕ ಹಾಕುತ್ತಾ ಕುಳಿತವನಿಗೆ ನೊಣ ಕಚ್ಚಿದ್ದೂ ತಿಳಿಯಲಿಲ್ಲ.

ಊರಾಚೆ ನಿವೃತ್ತ ಮೇಷ್ಟ್ರೊಬ್ಬರ ಮನೆ. ಗೆಳೆಯನೊಬ್ಬ ಫೋನ್ ಮಾಡಿ ಹೇಳಿಟ್ಟಿದ್ದ.

"ಬನ್ನಿ, ಕೂತ್ಕೊಳ್ಳಿ. ಮೊದಲು ಬೆಲ್ಲ ನೀರು ಕುಡೀರಿ. ಮೀನು ಎಲ್ಲಿಗೂ ಹೋಗುದಿಲ್ಲ," ಅಂದರು.

ಕಪಾಟಿನಿಂದ ತೆಗೆದದ್ದು ಹೋಮಿಯೋಪತಿ ಮಾತ್ರೆಯ ಡಬ್ಬಿ. ಅದರೊಳಗೆ ನಾಣ್ಯ. ನನ್ನ ಅಂಗೈ ಮೇಲೆ ಇಟ್ಟರು.

ಚಿಕ್ಕದು, ಆದರೆ ದಪ್ಪ. ಅಂಗೈಗೆ ತಣ್ಣಗೆ ಭಾರ ತಾಕಿತು. ಎರಡು ಮೀನು ಅಕ್ಕಪಕ್ಕ. ಕಣ್ಣು ಅಂದರೆ ಒಂದು ಉಬ್ಬಿದ ಗುಂಡು, ಸಾಸಿವೆಗಿಂತಲೂ ಸಣ್ಣದು. ಮೇಲೆ ಕೊಡೆ, ಅದರ ಅರ್ಧ ಅಂಚಿನಾಚೆ ಹೋಗಿಬಿಟ್ಟಿದೆ. ತಿರುಗಿಸಿದರೆ ನಾಗರಿಯಲ್ಲಿ ಮೂರು ಸಾಲು, 'ಶ್ರೀ ಪಾಂಡ್ಯ ಧನಂಜಯ'. ಕೊನೆಯ ಅಕ್ಷರ ಪೂರ್ತಿ ಬಿದ್ದಿಲ್ಲ. ಅಚ್ಚು ದೊಡ್ಡದು, ಚಿನ್ನದ ಬಿಲ್ಲೆ ಚಿಕ್ಕದು, ಹಾಗಾಗಿ ಯಾವ ನಾಣ್ಯದಲ್ಲೂ ಪೂರ್ತಿ ಚಿತ್ರ ಸಿಗುವುದು ಅಪರೂಪ. ಅಂಚಿನಲ್ಲಿ ಒಂದು ಕಡೆ ಸಣ್ಣ ಬಿರುಕು. ಸುತ್ತಿಗೆ ಏಟು ಬಿದ್ದಾಗ ಬಿಲ್ಲೆ ಹಿಗ್ಗಿ ಸೀಳಿದ್ದು. ಏಳೆಂಟು ನೂರು ವರ್ಷದ ಹಿಂದಿನ ಒಂದು ಏಟು, ಬೆರಳ ತುದಿಗೆ ಸಿಗುತ್ತಿತ್ತು.

"ತೋಟ ಅಗೆಯುವಾಗ ಸಿಕ್ಕಿದ್ದಾ ಸಾರ್?"

"ಅಲ್ಲಲ್ಲ. ಅಜ್ಜನ ಪೆಟ್ಟಿಗೆಯದ್ದು. ಈಗ ತೋಟದಲ್ಲಿ ಸಿಕ್ಕಿದ್ರೆ ಡಿಸಿ ಆಫೀಸಿಗೆ ಕೊಡ್ಬೇಕಲ್ಲ. 1962ರ ಕರ್ನಾಟಕ ನಿಧಿ ಕಾಯ್ದೆ ಉಂಟು. ಸಿಕ್ಕಿದ್ದನ್ನು ತಿಳಿಸ್ಬೇಕು. ಇಲ್ಲಿ ಎಷ್ಟೋ ಮಂದಿಗೆ ಅದು ಗೊತ್ತೇ ಇಲ್ಲ, ಕರಗಿಸಿ ಬಳೆ ಮಾಡಿಸಿ ಬಿಡ್ತಾರೆ."

ಆಮೇಲೆ ನಾನು ಹತ್ತಿ ಬಿಡಿಸಿದೆ. ಮೇಷ್ಟ್ರು ಕನ್ನಡಕ ಹಣೆಗೇರಿಸಿ ನನ್ನ ವರಹವನ್ನು ಕಣ್ಣಿನ ಹತ್ತಿರ ಹಿಡಿದರು. ಮಾತಿಲ್ಲ. ಭೂತಗನ್ನಡಿ ಕೇಳಿದರು. ಅಂಚಿನ ಸುತ್ತ ಉಗುರು ಓಡಿಸಿದರು. ತಕ್ಕಡಿಗೆ ಹಾಕಿದರು, 2.9 ಗ್ರಾಂ. ವರಹ ಅಂದರೆ ಮೂರೂವರೆ ಗ್ರಾಂ ಆಸುಪಾಸು ಇರಬೇಕು. ಒಳಗಿನಿಂದ ಅವರ ಮನೆಯವರು ಗೋಳಿಬಜೆ ತಂದಿಟ್ಟರು. ನನಗೆ ಆಗಲೇ ಗೊತ್ತಾಗಿಹೋಗಿತ್ತು, ಆದರೂ ಗೋಳಿಬಜೆ ತಿಂದೆ.

"ಚಿನ್ನ ಹೌದು ಮಾರಾಯ್ರೆ," ಅಂದರು ಕೊನೆಗೆ. "ಆಳುಪರದ್ದಲ್ಲ ಅಷ್ಟೆ."

ತೋರಿಸಿದರು. ಮೀನಿನ ಸುತ್ತ ಸೂಜಿಮೊನೆಯಂಥ ಗುಳಿಗಳು, ಎರಕ ಹೊಯ್ಯುವಾಗ ಗಾಳಿಗುಳ್ಳೆ ಬಿಟ್ಟ ಗುರುತು. ಏಟು ಹಾಕಿದ ನಾಣ್ಯದಲ್ಲಿ ಅವು ಬರುವುದಿಲ್ಲ. ಅಂಚಿನಲ್ಲಿ ಬಿರುಕಿನ ಬದಲು ಅರ ಉಜ್ಜಿದ ಗೆರೆ. ಮೀನಿನ ಕಣ್ಣು ಗುಂಡಗಿಲ್ಲ, ಕರಗಿದ ಬೆಲ್ಲದ ಹಾಗೆ ಹರಡಿಕೊಂಡಿದೆ. ಅಕ್ಷರವೆಲ್ಲ ಪೂರ್ತಿ ಬಿದ್ದಿದೆ, ಕೊಡೆಯೂ ಪೂರ್ತಿ. ಅದೇ ನೋಡಿ, ಅಷ್ಟು ಚೆಂದ ಇದೆ ಅಂತಲೇ ನಾನು ಜಾಸ್ತಿ ದುಡ್ಡು ಕೊಟ್ಟದ್ದು.

"ಚಿನ್ನದ ಬೆಲೆ ಆದ್ರೂ ಉಂಟಲ್ಲ, ಬೇಜಾರು ಮಾಡ್ಬೇಡಿ. ನಾನು ಮೊದಲು ತಗೊಂಡದ್ದು ಹಿತ್ತಾಳೆ," ಅಂದು ಇನ್ನೆರಡು ಬಜೆ ಹಾಕಿದರು.

ಅವರ ನಾಣ್ಯದ ಫೋಟೋ ತೆಗೆದುಕೊಂಡು ಉಡುಪಿಗೆ ವಾಪಸ್ ಬಂದೆ. ರಾತ್ರಿ ಲಾಡ್ಜಿನಲ್ಲಿ ನಿದ್ದೆ ಚೆನ್ನಾಗಿಯೇ ಬಂತು. ಬ್ಯಾಗ್ ಕುರ್ಚಿಯ ಮೇಲಿತ್ತು.

ಮರುದಿನ ಬೆಳಿಗ್ಗೆ ಮಲ್ಪೆ ಬಂದರು. ಒಂದು ಪ್ರಶ್ನೆ ಮೊದಲಿಂದಲೂ ಕೊರೆಯುತ್ತಿತ್ತು. ಗ್ರೀಕರ ನಾಣ್ಯದ ಮೀನಿಗೆ ಹೆಸರಿದೆ, ಟ್ಯೂನಾ ಅಂದರೆ ಟ್ಯೂನಾ. ಆಳುಪರ ಮೀನು ಯಾವುದು? ನಾಣ್ಯ ಬಲ್ಲವರು 'ಮತ್ಸ್ಯ ಲಾಂಛನ' ಅಂತ ಹೇಳಿ ಮುಗಿಸುತ್ತಾರೆ. ಮೀನು ಬಲ್ಲವರನ್ನು ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಬೋಟುಗಳಿಂದ ಬುಟ್ಟಿ ಬುಟ್ಟಿ ಇಳಿಯುತ್ತಿತ್ತು. ಐಸಿನ ನೀರು ಚಪ್ಪಲಿ ಒಳಗೆ ಹರಿಯಿತು. ಬಂಗುಡೆಯ ಬೆನ್ನಿನ ಪಟ್ಟೆ ಬಿಸಿಲಿಗೆ ನೀಲಿ ಹಸಿರಾಗಿ ಹೊಳೆಯುತ್ತಿತ್ತು. ಒಂದು ಮೂಲೆಯಲ್ಲಿ ಏಡಿಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಅಕ್ರಗಾಸ್‌ನ ಅಚ್ಚು ಕೆತ್ತಿದವನೂ ಇಂಥದ್ದೇ ಬುಟ್ಟಿ ಎದುರಿಟ್ಟುಕೊಂಡಿದ್ದನೋ ಏನೋ, ಆ ನಾಣ್ಯದಲ್ಲಿ ಏಡಿಯ ಕಾಲಿನ ಗಂಟುಗಂಟೂ ಹಾಗೆಯೇ ಇದೆ.

ಬುಟ್ಟಿ ಮುಂದೆ ಕುಳಿತ ಅಕ್ಕನಿಗೆ ಫೋನಿನಲ್ಲಿ ಮೇಷ್ಟ್ರ ನಾಣ್ಯ ತೋರಿಸಿದೆ. "ಅಕ್ಕಾ, ಇದು ಯಾವ ಮೀನು?"

ಅವರು ಕೈಯನ್ನು ಸೆರಗಿಗೆ ಒರೆಸಿ ಫೋನ್ ಇಸ್ಕೊಂಡರು. ತಮಾಷೆ ಮಾಡುತ್ತಿದ್ದಾನೆ ಅಂತ ಮೊದಲು ನನ್ನ ಮುಖ ನೋಡಿದರು. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿದರು.

"ಮೀಸೆ ಇಲ್ಲ. ಬಾಲ ಕವಲು ಉಂಟು. ಹೊಟ್ಟೆ ದಪ್ಪ. ಬಂಗುಡೆ."

ಪಕ್ಕದವರು ಬಗ್ಗಿ ನೋಡಿದರು. "ಎಂಥ ಬಂಗುಡೆ? ಬೂತಾಯಿ ಅದು."

"ರಾಜ ಅಂತೆ ಮಾರಾಯ್ತಿ. ಬೂತಾಯಿ ಹಾಕಿಸ್ತಾನಾ?"

"ಹಾಗಾದ್ರೆ ಬಂಗುಡೆ ಯಾಕೆ ಹಾಕಿಸ್ತಾನೆ? ಅಂಜಲ್ ಹಾಕಿಸ್ಲಿಕ್ಕಿಲ್ವಾ?"

ಮೂರನೆಯವರೊಬ್ಬರು, ಎಲ್ಲರಿಗಿಂತ ವಯಸ್ಸಾದವರು, ಫೋನ್ ದೂರ ಹಿಡಿದು ನೋಡಿ ತಲೆಯಾಡಿಸಿದರು. ಅದು ಕಡಲಿನದ್ದೇ ಅಲ್ಲ, ಹೊಳೆ ಮೀನು ಅಂದರು. ಬಾರಕೂರಿನ ಪಕ್ಕ ಹರಿಯುವುದು ಸೀತಾನದಿ. ನನ್ನ ಸಂಗ್ರಹದ ಬುಡಕ್ಕೇ ನೀರು ಬಂತು. ಸದ್ಯ, ಉಳಿದಿಬ್ಬರು ಒಪ್ಪಲಿಲ್ಲ.

ಆಗ ನನ್ನ ಎರಕದ ನಾಣ್ಯವನ್ನೂ ತೆಗೆದು ತೋರಿಸಿದೆ. ಮೊದಲ ಅಕ್ಕ ಅದನ್ನು ಬೆರಳಲ್ಲಿ ತಿರುಗಿಸಿ, ಮೀನಿನ ಕಣ್ಣು ನೋಡಿ, ಒಂದೇ ಮಾತು ಹೇಳಿದರು. "ಇದು ನಿನ್ನೆಯ ಮೀನು."

ಅವರ ಕೈಯಿಂದ ಹತ್ತು ಬಂಗುಡೆ ಕೊಂಡು, ಸಂತೆಕಟ್ಟೆಯ ಗೆಳೆಯನ ಮನೆಗೆ ಹೋದೆ. ಅವನ ತಾಯಿ ಕಾರ ಹಚ್ಚಿ ಹುರಿದರು. ಸಂಜೆ ರೈಲಿನಲ್ಲಿ ಕುಳಿತು ಆಲ್ಬಮ್ ತೆಗೆದೆ. 1986ರ ಐವತ್ತು ಪೈಸೆಯ ಪಕ್ಕದ ಖಾನೆಗೆ ಆ ಚಿನ್ನದ ಬಿಲ್ಲೆ ಸೇರಿಸಿದೆ. 'ಆಳುಪ, ವರಹ' ಅಂತ ಮೊದಲೇ ಬರೆದಿಟ್ಟಿದ್ದ ಚೀಟಿ ಹರಿದು ಹೊಸದು ಬರೆದೆ. ರೈಲು ಕುಲುಕಿ ಅಕ್ಷರ ಸ್ವಲ್ಪ ಸೊಟ್ಟಗಾಯಿತು. 'ಬಂಗುಡೆ, ನಿನ್ನೆಯದ್ದು. ಚಿನ್ನ ಹೌದು.'